ಸೋಜ ಮನೆತನದ ಜಾಡು ಹಿಡಿಯುವುದು ಹೇಗೆ: ಪೋರ್ಚುಗಲ್‌ನ ಒಂದು ಹಳೆಯ ವಂಶ ಮತ್ತು ಅದರ ಹೆಸರಿನ ಬಗ್ಗೆ ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೂ ಒಬ್ಬ ಡಿಸೋಜ ಸಿಗುತ್ತಾನೆ. ಹೆಸರು ಕೇಳಿ ಕೇಳಿ ನಮಗೆ ಅದು ಇಲ್ಲಿಯದೇ ಆಗಿಬಿಟ್ಟಿದೆ. ಆದರೆ ಈ ಹೆಸರು ಹುಟ್ಟಿದ್ದು ಉತ್ತರ ಪೋರ್ಚುಗಲ್‌ನ ಒಂದು ಸಣ್ಣ ಹೊಳೆಯ ದಡದಲ್ಲಿ, ಹೆಚ್ಚುಕಡಿಮೆ ಸಾವಿರ ವರ್ಷಗಳ ಹಿಂದೆ. ಆ ಹೊಳೆಯ ಸುತ್ತಲಿನ ಜಮೀನು ಹಿಡಿದಿದ್ದ ಮನೆತನ ಪೋರ್ಚುಗಲ್ ಒಂದು ರಾಜ್ಯವಾಗಿ ರೂಪುಗೊಳ್ಳುವ ಹೊತ್ತಿಗೆ ಅಲ್ಲಿನ ಅತಿ ದೊಡ್ಡ ಮನೆತನಗಳಲ್ಲಿ ಒಂದಾಗಿತ್ತು.

ಇಂಥ ಮನೆತನದ ಚರಿತ್ರೆಯನ್ನು ಮನೆಯಲ್ಲೇ ಕೂತು, ಕ್ರಮವಾಗಿ ಹುಡುಕುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಸೋಜ ಮನೆತನವನ್ನೇ ಇಟ್ಟುಕೊಂಡಿದ್ದೇನೆ. ನಿಮ್ಮ ಕುತೂಹಲ ಮೆನೆಜಸ್ ಬಗ್ಗೆ ಇರಬಹುದು, ಪಿರೇರಾ ಬಗ್ಗೆ ಇರಬಹುದು. ದಾರಿ ಬಹುಪಾಲು ಇದೇ.

ಮೊದಲು ಪ್ರಶ್ನೆಯನ್ನು ಎರಡು ಮಾಡಿಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದ ಮೇಲೆ "ಮನೆತನ" ಅಂತ ಬರೆಯಿರಿ, ಬಲಗಡೆ "ಹೆಸರು" ಅಂತ ಬರೆಯಿರಿ. ಸೋಜ ವಂಶದವರು ಯಾರು, ಯಾರ ಮಗ ಯಾರು, ಯಾರು ಯಾರನ್ನು ಮದುವೆಯಾದರು ಅನ್ನುವುದೆಲ್ಲ ಎಡಗಡೆ. ಸೋಜ ಅನ್ನುವ ಪದ ಎಲ್ಲಿಂದ ಎಲ್ಲಿಗೆ, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು ಅನ್ನುವುದೆಲ್ಲ ಬಲಗಡೆ.

ಇದು ಸುಮ್ನೆ ಶಿಸ್ತಿಗಾಗಿ ಹೇಳುತ್ತಿರುವ ಮಾತಲ್ಲ. ಸರ್‌ನೇಮ್ ಹುಡುಕಲು ಹೊರಟವರಲ್ಲಿ ಮುಕ್ಕಾಲು ಜನ ದಾರಿ ತಪ್ಪುವುದು ಇಲ್ಲೇ. ರಕ್ತಸಂಬಂಧ ನಿಂತುಹೋದ ಮೇಲೂ ಹೆಸರು ನಡೆಯುತ್ತದೆ. ಹೆಸರು ಬದಲಾದ ಮೇಲೂ ರಕ್ತಸಂಬಂಧ ಉಳಿದಿರುತ್ತದೆ. ಸೋಜ ಮನೆತನದಲ್ಲಿ ಇವೆರಡೂ ಆಗಿವೆ. ಎರಡು ಪುಟಗಳ ನಡುವಿನ ಗೆರೆಯನ್ನು ಕೊನೆಯವರೆಗೂ ಅಳಿಸಬೇಡಿ.

ಹೆಸರನ್ನು ಬಿಡಿಸಿ ನೋಡಿ

ಈ ಮನೆತನದಲ್ಲಿ ಮೊದಲು ಸೋಜ ಅನ್ನಿಸಿಕೊಂಡವನು 11ನೆಯ ಶತಮಾನದ ಎಗಾಸ್ ಗೋಮೆಸ್ ದೆ ಸೋಜ ಅಂತ ವಂಶಾವಳಿಗಳು ಹೇಳುತ್ತವೆ. ಈ ಹೆಸರಿನಲ್ಲಿ ಮೂರು ತುಂಡುಗಳಿವೆ. ಎಗಾಸ್ ಅವನ ಸ್ವಂತ ಹೆಸರು. ಗೋಮೆಸ್ ಅವನ ಅಪ್ಪನ ಹೆಸರು. ಅಪ್ಪ ಗೋಮೆಸ್ ಎಶೀಗೆಸ್. "ದೆ ಸೋಜ" ಅಂದರೆ ಸೋಜದವನು, ಸೋಜ ಸೀಮೆಯವನು.

ನಮಗೆ ಇದು ಹೊಸದೇನಲ್ಲ, ಅಲ್ವಾ? ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಊರು, ಅಪ್ಪ, ತಾನು. ನಾವು ಊರನ್ನು ಮುಂದೆ ಇಡುತ್ತೇವೆ, ಅವರು ಹಿಂದೆ ಇಡುತ್ತಿದ್ದರು. ಹಳೇ ಮೈಸೂರು ಕಡೆಯ ಇನಿಷಿಯಲ್‌ಗಳನ್ನು ಓದಲು ಬರುವವರಿಗೆ ಮಧ್ಯಯುಗದ ಪೋರ್ಚುಗೀಸ್ ಹೆಸರು ಓದುವುದು ಅರ್ಧ ಬಂದ ಹಾಗೆಯೇ.

ಅಪ್ಪನ ಹೆಸರಿನ ತುಂಡನ್ನು ಗುರುತಿಸಲು ಕೊನೆಯ ಅಕ್ಷರ ನೋಡಿ. ಪೋರ್ಚುಗಲ್‌ನಲ್ಲಿ "ಎಸ್", ಪಕ್ಕದ ಕ್ಯಾಸ್ಟೀಲ್‌ನಲ್ಲಿ (ಈಗಿನ ಸ್ಪೇನಿನ ಭಾಗ) "ಝೆಡ್". ಗೊನ್ಸಾಲೊನ ಮಗ ಗೊನ್ಸಾಲ್ವೆಸ್. ಮೆಂದೊನ ಮಗ ಮೆಂಡೆಸ್. ರೊದ್ರಿಗೊನ ಮಗ ರೊದ್ರಿಗೆಸ್. ಎಗಾಸ್‌ನ ಮಗ ವಿಯೇಗಾಸ್. ಇದೊಂದು ಸ್ವಲ್ಪ ವಿಚಿತ್ರ, ನೆನಪಿನಲ್ಲಿಡಿ. ಈ ತುಂಡು ಆಗ ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಎಗಾಸ್ ಗೋಮೆಸ್‌ನ ಮಗ ಮೆಂ ವಿಯೇಗಾಸ್ (ಮೆಂ ಅಂದರೆ ಮೆಂದೊನ ಚಿಕ್ಕ ರೂಪ), ಅವನ ಮಗ ಗೊನ್ಸಾಲೊ ಮೆಂಡೆಸ್, ಅವನ ಮಗ ಮೆಂದೊ ಗೊನ್ಸಾಲ್ವೆಸ್. ಹೆಸರೇ ಸರಪಳಿ. ಒಂದು ಕೊಂಡಿ ಸಿಕ್ಕರೆ ಅದರ ಹಿಂದಿನದೂ ಸಿಗುತ್ತದೆ.

ಮೆಂಡೆಸ್, ಗೊನ್ಸಾಲ್ವೆಸ್, ರೊದ್ರಿಗೆಸ್ ಇವೆಲ್ಲ ಗಟ್ಟಿ ಸರ್‌ನೇಮ್ ಆಗಿದ್ದು ಬಹಳ ಆಮೇಲೆ. ಹಾಗಾಗಿ 12ನೆಯ ಶತಮಾನದ ಇಬ್ಬರು ಮೆಂಡೆಸ್‌ಗಳು ಸಿಕ್ಕರೆ ಅವರನ್ನು ನೆಂಟರು ಅಂದುಕೊಳ್ಳಬೇಡಿ. ಇಬ್ಬರ ಅಪ್ಪಂದಿರ ಹೆಸರೂ ಮೆಂದೊ ಅಂತಿತ್ತು, ಅಷ್ಟೇ.

ಹಳೆಯ ದಾಖಲೆಗಳು ಲ್ಯಾಟಿನ್‌ನಲ್ಲಿವೆ. ಅಲ್ಲಿ ಗೊನ್ಸಾಲೊ ಮೆಂಡೆಸ್ "ಗುಂದಿಸಾಲ್ವುಸ್ ಮೆನೆಂದಿ" ಆಗಿರುತ್ತಾನೆ. ಹೆದರಬೇಡಿ. ಒಬ್ಬೊಬ್ಬನ ಹೆಸರಿನ ಮುಂದೆ ಅವನ ಲ್ಯಾಟಿನ್ ರೂಪವನ್ನೂ ಬರೆದಿಟ್ಟುಕೊಂಡರೆ ವಾರದೊಳಗೆ ಕಣ್ಣಿಗೆ ರೂಢಿಯಾಗುತ್ತದೆ.

ನಕ್ಷೆಯ ಮೇಲೆ ಬೆರಳಿಡಿ

ಪೋರ್ಟೊ ನಗರದ ಪೂರ್ವಕ್ಕೆ ನೋಡಿ. ಫೆಲ್ಗೈರಾಸ್ ಹತ್ತಿರ ಹುಟ್ಟಿ, ಲೊಸಾದ, ಪೆನಫಿಯೆಲ್, ಪರೇದಿಸ್ ಪ್ರದೇಶಗಳನ್ನು ಹಾದು, ಫೊಸ್ ದೊ ಸೋಜದಲ್ಲಿ ದೋರು ನದಿಗೆ ಸೇರುವ ಹೊಳೆಯೇ ಸೋಜ. ಅದರ ಕಣಿವೆ ಸಣ್ಣ ಸಣ್ಣ ಕಲ್ಲಿನ ಚರ್ಚುಗಳಿಂದ ತುಂಬಿದೆ. ಅವನ್ನೆಲ್ಲ ಸೇರಿಸಿ 1998ರಲ್ಲಿ ಒಂದು ಪ್ರವಾಸ ಮಾರ್ಗವನ್ನೇ ಶುರು ಮಾಡಿದರು. ಅದರ ಚಿತ್ರ, ವಿವರಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ.

ಈ ಕಣಿವೆಯಲ್ಲಿ ನಿಮಗೆ ಮುಖ್ಯವಾದ ಜಾಗ ಫೆಲ್ಗೈರಾಸ್‌ನ ಪೊಂಬೈರೊ ಮಠ. ಇದು ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. 1059ರಲ್ಲಿ ಗೋಮೆಸ್ ಎಶೀಗೆಸ್ ಕಟ್ಟಿಸಿದ ಅನ್ನುವುದು ಪರಂಪರೆಯ ಮಾತು. ಸೋಜ ಮನೆತನ ತಲೆಮಾರುಗಟ್ಟಲೆ ಇದನ್ನು ಪೋಷಿಸಿತು. ಮನೆತನ ಎಲ್ಲಿ ದಾನ ಕೊಟ್ಟಿತು, ಎಲ್ಲಿ ಮಣ್ಣಾಯಿತು ಅಂತ ನೋಡಿದರೆ ಅದರ ಬೇರು ಎಲ್ಲಿದೆ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಮನೆದೇವರು ಎಲ್ಲಿ ಅಂತ ಕೇಳಿ ಮೂಲ ಊರು ಹಿಡಿಯುವುದಿಲ್ಲವೇ, ಹಾಗೆ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಅದೇ ಕಣಿವೆಯಲ್ಲಿ ಪಾಸೊ ದೆ ಸೋಜ ಅನ್ನುವ ಇನ್ನೊಂದು ದೊಡ್ಡ ಮಠವಿದೆ. ಹೆಸರಲ್ಲೇ ಸೋಜ ಇದೆ. ಒಳಗೆ ಎಗಾಸ್ ಮೊನೀಸ್‌ನ ಸಮಾಧಿ ಇದೆ. ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಎನ್ರಿಕೆಸ್‌ನನ್ನು ಸಾಕಿ ಬೆಳೆಸಿದವನು ಇವನೇ. ಆದರೆ ಇವನು ಸೋಜ ಮನೆತನದವನಲ್ಲ. ಇವನದು ರಿಬಾ ದೋರು ಮನೆತನ. ಒಂದೇ ಹೊಳೆಯ ದಡದಲ್ಲಿ ಎರಡು ಮನೆತನ ಇದ್ದವು. ಸ್ಥಳದ ಹೆಸರು ಒಂದೇ ಆದ ಮಾತ್ರಕ್ಕೆ ಜನ ಒಂದೇ ಅಲ್ಲ ಅನ್ನುವುದನ್ನು ಈ ಸಮಾಧಿಯಷ್ಟು ಚೆನ್ನಾಗಿ ಕಲಿಸುವುದು ಬೇರೆ ಇಲ್ಲ.

ವಂಶಪುಸ್ತಕಗಳನ್ನು ಓದಿ, ಅವನ್ನು ಯಾಕೆ ಬರೆದರು ಅಂತ ಮರೆಯದೆ

ಪೋರ್ಚುಗಲ್ ಈ ವಿಷಯದಲ್ಲಿ ಅದೃಷ್ಟದ ದೇಶ. ಅಲ್ಲಿ ಮಧ್ಯಯುಗದಲ್ಲೇ ಬರೆದ ಮೂರು ವಂಶಪುಸ್ತಕಗಳಿವೆ. ಮೊದಲನೆಯದನ್ನು ಹಳೆಯ ಪುಸ್ತಕ ಅಂತಲೇ ಕರೆಯುತ್ತಾರೆ. ಅದು 13ನೆಯ ಶತಮಾನದ ಕೊನೆಯ ಭಾಗದ್ದು. ರಾಜ್ಯ ಕಟ್ಟಿದ ಐದು ದೊಡ್ಡ ಮನೆತನಗಳನ್ನು ಅದು ಹೆಸರಿಸುತ್ತದೆ: ಸೋಜ, ಬ್ರಗಾನ್ಸ, ಮಾಯ, ಬಯಾಂವ್, ರಿಬಾ ದೋರು. ಎರಡನೆಯದು ಡೀನ್‌ನ, ಅಂದರೆ ಚರ್ಚಿನ ಒಬ್ಬ ಹಿರಿಯ ಪಾದ್ರಿಯ, ಪುಸ್ತಕ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಬಾರ್ಸೆಲೋಸ್‌ನ ಕೌಂಟ್ ಪೇದ್ರು ಅಫೊನ್ಸೊ 1340ರ ದಶಕದಲ್ಲಿ ಬರೆಸಿದ್ದು. ಇವನು ರಾಜ ದಿನೀಸ್‌ನ ಮಗ, ಮದುವೆಯ ಹೊರಗೆ ಹುಟ್ಟಿದವನು. ಮೂರೂ 19ನೆಯ ಶತಮಾನದಲ್ಲೇ ಅಚ್ಚಾಗಿವೆ, ಆ ಅಚ್ಚಿನ ಪ್ರತಿ ಅಂತರ್ಜಾಲದಲ್ಲಿ ಓದಲು ಸಿಗುತ್ತದೆ. 1980ರಲ್ಲಿ ಬಂದ ಪರಿಷ್ಕೃತ ಆವೃತ್ತಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಇವನ್ನು ಯಾಕೆ ಬರೆದರು? ಕಾರಣಗಳನ್ನು ಕೌಂಟ್ ಪೇದ್ರುವೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಕುಲೀನರು ತಾವೆಲ್ಲ ಒಂದೇ ಬಳ್ಳಿಯವರು ಅಂತ ತಿಳಿದು ಹೊಂದಿಕೊಂಡು ಇರಲಿ ಅನ್ನುವುದು ಒಂದು. ಹತ್ತಿರದ ನೆಂಟರಲ್ಲಿ ಮದುವೆಯಾಗಿ ಪಾಪಕ್ಕೆ ಬೀಳದಿರಲಿ ಅನ್ನುವುದು ಇನ್ನೊಂದು. 1215ರ ನಂತರ ನಾಲ್ಕು ತಲೆಮಾರಿನೊಳಗಿನ ನೆಂಟಸ್ತಿಕೆಯಲ್ಲಿ ಮದುವೆಯನ್ನು ಚರ್ಚ್ ಒಪ್ಪುತ್ತಿರಲಿಲ್ಲ. ಯಾರು ಯಾವ ಮಠದ ಮೂಲಪುರುಷರ ವಂಶದವರು ಅಂತ ಗೊತ್ತಿರಲಿ ಅನ್ನುವುದು ಮತ್ತೊಂದು. ಮಠ ಕಟ್ಟಿಸಿದವನ ವಂಶಸ್ಥರಿಗೆ ಅಲ್ಲಿ ಊಟದ, ವಸತಿಯ ಹಕ್ಕು ಇತ್ತು. ಅಂದರೆ ವಂಶಾವಳಿಯ ಹಿಂದೆ ಅನ್ನದ ಲೆಕ್ಕವೂ ಇತ್ತು.

ಆದ್ದರಿಂದ ಓದುವಾಗ ಹೀಗೆ ಮಾಡಿ. ಬರೆದ ಕಾಲಕ್ಕೆ ಹತ್ತಿರದ ನಾಲ್ಕೈದು ತಲೆಮಾರುಗಳನ್ನು ನಂಬಬಹುದು ಅಂತ ಶುರು ಮಾಡಿ. ಅದಕ್ಕಿಂತ ಹಿಂದಿನದಕ್ಕೆ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. 16, 17ನೆಯ ಶತಮಾನದಲ್ಲಿ ಬರೆದ ವಂಶಚರಿತ್ರೆಗಳನ್ನು ಇನ್ನೂ ಜಾಗ್ರತೆಯಿಂದ ನೋಡಿ. ಆ ಕಾಲದಲ್ಲಿ ಪ್ರತಿ ಮನೆತನಕ್ಕೂ, ಬಹಳ ಹಿಂದೆ ಅಲ್ಲಿ ಆಳಿದ ಗಾಥ್ ರಾಜರವರೆಗೆ ಏಣಿ ಹಾಕಿಕೊಡುವವರು ಇದ್ದರು. ಏಣಿಯ ಮೇಲಿನ ಮೆಟ್ಟಿಲುಗಳಿಗೆ ದಾಖಲೆಯ ಆಧಾರ ಇರುತ್ತಿರಲಿಲ್ಲ.

ದಾಖಲೆಗೆ ಇಳಿಯಿರಿ

ಪುಸ್ತಕ ಹೇಳಿದ್ದನ್ನು ದಾಖಲೆಯಲ್ಲಿ ತಾಳೆ ನೋಡುವುದೇ ನಿಜವಾದ ಕೆಲಸ. ಲಿಸ್ಬನ್‌ನ ತೊರ್ರೆ ದೊ ತೊಂಬೊ ಪೋರ್ಚುಗಲ್‌ನ ರಾಷ್ಟ್ರೀಯ ದಾಖಲೆ ಭಂಡಾರ. ಹೆಸರಿಗೆ ತಕ್ಕಂತೆ ಮೊದಲು ಇದ್ದದ್ದು ಕೋಟೆಯ ಒಂದು ಗೋಪುರದಲ್ಲಿ. 1755ರ ಭೂಕಂಪದಲ್ಲಿ ಆ ಗೋಪುರ ಬಿತ್ತು. ಅವಶೇಷದಿಂದ ದಾಖಲೆಗಳನ್ನು ಎತ್ತಿ ಉಳಿಸಿಕೊಂಡರು. ಈಗ ಅದರ ಎಷ್ಟೋ ಪುಟಗಳ ಫೋಟೊಗಳನ್ನು ನೀವು ಮನೆಯಿಂದಲೇ, ದುಡ್ಡಿಲ್ಲದೆ ನೋಡಬಹುದು.

ಎರಡು ಬಗೆಯ ದಾಖಲೆ ಹುಡುಕಿ. ಮೊದಲನೆಯದು ರಾಜರ ದಾನಪತ್ರ. ಅದರ ಕೆಳಗೆ ಸಾಕ್ಷಿ ಹಾಕಿದ ದೊಡ್ಡವರ ಹೆಸರುಗಳು ಸಾಲಾಗಿ ಇರುತ್ತವೆ. ಮೆಂದೊ ಗೊನ್ಸಾಲ್ವೆಸ್ ದೆ ಸೋಜ 12ನೆಯ ಶತಮಾನದ ಕೊನೆಯಲ್ಲಿ ರಾಜ ಮೊದಲನೆಯ ಸಾಂಶೊನ ಅರಮನೆಯ ಮುಖ್ಯ ಅಧಿಕಾರಿಯಾಗಿದ್ದ. ಜನ ಅವನನ್ನು "ಸೋಜಾಂವ್", ಅಂದರೆ ದೊಡ್ಡ ಸೋಜ, ಅಂತ ಕರೆಯುತ್ತಿದ್ದರು. ಇಂಥವರ ಹೆಸರು ಯಾವ ವರ್ಷ ಸಾಕ್ಷಿ ಸಾಲಿನಲ್ಲಿ ಶುರುವಾಗುತ್ತದೆ, ಯಾವ ವರ್ಷ ನಿಂತುಹೋಗುತ್ತದೆ ಅಂತ ಗುರುತು ಹಾಕಿ. ಹುಟ್ಟು, ಸಾವಿನ ದಿನಾಂಕ ಸಿಗದ ಕಾಲದಲ್ಲಿ ಮನುಷ್ಯನ ಆಯಸ್ಸು ಅಳೆಯಲು ಇದೇ ಅಳತೆಗೋಲು.

ಎರಡನೆಯದು ರಾಜರು ಮಾಡಿಸಿದ ವಿಚಾರಣೆಗಳು. 1220ರಲ್ಲಿ ಎರಡನೆಯ ಅಫೊನ್ಸೊ, 1258ರಲ್ಲಿ ಮೂರನೆಯ ಅಫೊನ್ಸೊ ಊರೂರಿಗೆ ಜನ ಕಳಿಸಿ, ಹಳ್ಳಿಯವರಿಂದ ಪ್ರಮಾಣ ಮಾಡಿಸಿ ಕೇಳಿಸಿದರು: ಈ ಹೊಲ ಯಾರದ್ದು? ರಾಜನಿಗೆ ಏನು ಬರಬೇಕು? ಯಾವ ಸಾಹುಕಾರ ಅದನ್ನು ತಡೆಹಿಡಿದಿದ್ದಾನೆ? ಒಬ್ಬ ರೈತ ತನ್ನ ಊರಿನ ಜಮೀನಿನ ಬಗ್ಗೆ ಹೇಳಿದ್ದು 750 ವರ್ಷ ದಾಟಿ ನಮ್ಮ ಮುಂದೆ ಇದೆ. ನನಗೆ ವಂಶಪುಸ್ತಕಕ್ಕಿಂತ ಇದರ ಮೇಲೆ ಪ್ರೀತಿ ಜಾಸ್ತಿ.

ಇನ್ನು ದಿನಾಂಕ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ನಾನು ಇಲ್ಲಿ ಎಡವಿದ್ದೇನೆ. ಆ ಕಾಲದ ಐಬೀರಿಯದಲ್ಲಿ, ಅಂದರೆ ಈಗಿನ ಪೋರ್ಚುಗಲ್ ಮತ್ತು ಸ್ಪೇನ್ ಕಡೆ, ನಡೆಯುತ್ತಿದ್ದದ್ದು ಸೀಸರ್ ಶಕೆ. ಅದು ಕ್ರಿಸ್ತಶಕೆಗಿಂತ 38 ವರ್ಷ ಮುಂದೆ. ನಮ್ಮ ಶಾಲಿವಾಹನ ಶಕೆಗೆ 78 ಕೂಡಿಸುತ್ತೇವೆ, ಇದರಲ್ಲಿ 38 ಕಳೆಯಬೇಕು. ಪೋರ್ಚುಗಲ್‌ನಲ್ಲಿ ಇದು 1422ರವರೆಗೂ ಇತ್ತು. ಕ್ಯಾಸ್ಟೀಲ್‌ನಲ್ಲಿ 1383ಕ್ಕೇ ಬಿಟ್ಟರು.

ಅದರ ಮೇಲೆ ಅಂಕಿ ಬರೆಯುವ ರೀತಿ. ಒಂದು ಸಲ ನಾನು ಪರದೆಯ ಮೇಲೆ ಒಂದು ಪುಟ ತೆರೆದಿದ್ದೆ. ರೋಮನ್ ಅಂಕಿ: ಎಂ, ಎರಡು ಸಿ, ಎಲ್, ಎಕ್ಸ್, ವಿ, ಐ. ಕೂಡಿಸಿದರೆ 1266. 38 ಕಳೆದರೆ 1228. ಬರೆದುಕೊಂಡೆ. ಆ ವರ್ಷ ಎರಡನೆಯ ಸಾಂಶೊ ಆಳುತ್ತಿದ್ದ. ಆದರೆ ಪತ್ರದೊಳಗೆ ರಾಜ ಅಫೊನ್ಸೊ ಅಂತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಎಕ್ಸ್‌ನ ಬಲಗಡೆಯ ಮೇಲಿನ ಕೈಗೆ ಒಂದು ಸಣ್ಣ ಕೊಕ್ಕೆ. ಕೊಕ್ಕೆ ಇರುವ ಎಕ್ಸ್ ಅಂದರೆ 10 ಅಲ್ಲ, 40. ಹಾಗಾದರೆ 1296. 38 ಕಳೆದರೆ 1258. ಮೂರನೆಯ ಅಫೊನ್ಸೊನ ಕಾಲ. ಒಂದು ಕೊಕ್ಕೆಗೆ 30 ವರ್ಷ, ಅಂದರೆ ಪೂರ್ತಿ ಒಂದು ತಲೆಮಾರು. ಅಪ್ಪನ ಪತ್ರವನ್ನು ಅಜ್ಜನ ತಲೆಗೆ ಕಟ್ಟಲು ಇಷ್ಟು ಸಾಕು.

ಹಾಗಾಗಿ ನೋಟ್‌ಬುಕ್‌ನಲ್ಲಿ ದಿನಾಂಕವನ್ನು ಎರಡು ಸಲ ಬರೆಯಿರಿ. ಒಮ್ಮೆ ಪತ್ರದಲ್ಲಿ ಕಂಡ ಹಾಗೆಯೇ, ಇನ್ನೊಮ್ಮೆ ಲೆಕ್ಕ ಹಾಕಿ. ಜೊತೆಗೆ ಆ ವರ್ಷ ಯಾವ ರಾಜ ಇದ್ದ ಅಂತ ಪಕ್ಕದಲ್ಲಿ ಬರೆದು ತಾಳೆ ನೋಡಿ.

ಹೆಣ್ಣುಮಕ್ಕಳ ಗೆರೆ ಹಿಡಿಯಿರಿ

ಸೋಜ ಚರಿತ್ರೆಯ ತಿರುಳು ಇರುವುದು ಇಲ್ಲಿ.

ದೊಡ್ಡ ಸೋಜನಿಗೆ ಹಲವು ಗಂಡುಮಕ್ಕಳಿದ್ದರು. ಅವರಲ್ಲಿ ಗೊನ್ಸಾಲೊ ಮೆಂಡೆಸ್ ಸೋಜ ಅಂತಲೇ ಕರೆಸಿಕೊಂಡ. ಅವನ ತಮ್ಮ ಗಾರ್ಸಿಯ ಮೆಂಡೆಸ್‌ನನ್ನು ಆವೈರೊ ಹತ್ತಿರದ ಐಶೊ ಅನ್ನುವ ಊರಿನ ಹೆಸರಿನಿಂದ ಗುರುತಿಸುತ್ತಾರೆ. ಒಂದೇ ತಾಯಿತಂದೆ, ಬೇರೆ ಬೇರೆ ಸರ್‌ನೇಮ್. ಗಾರ್ಸಿಯ ಕವಿಯೂ ಆಗಿದ್ದ. ಅವನ ಮಗ ಫೆರ್ನಾಂವ್ ಗಾರ್ಸಿಯ ಕೂಡ ಹಾಡು ಕಟ್ಟುವವನೇ. ಗಲೀಸಿಯ-ಪೋರ್ಚುಗೀಸ್ ಭಾಷೆಯ ಹಳೆಯ ಪದ್ಯಸಂಗ್ರಹಗಳಲ್ಲಿ ಅವನ ಹಾಡುಗಳು ಉಳಿದಿವೆ.

ಗಾರ್ಸಿಯನ ಇನ್ನೊಬ್ಬ ಮಗ ಕೌಂಟ್ ಗೊನ್ಸಾಲೊ ಗಾರ್ಸಿಯ, ಮೂರನೆಯ ಅಫೊನ್ಸೊನ ಧ್ವಜ ಹಿಡಿಯುವ ಅಧಿಕಾರಿ. ರಾಜನ ಮಗಳನ್ನೇ ಮದುವೆಯಾಗಿದ್ದ. 1280ರ ದಶಕದಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅಲ್ಲಿಗೆ ಹಿರಿಯ ಸೋಜ ಮನೆತನದ ಗಂಡು ಸಂತತಿ ಮುಗಿಯಿತು.

ಎಡಗಡೆ ಪುಟವನ್ನು ಇಲ್ಲಿ ಮುಚ್ಚಿಬಿಡಬೇಕು ಅನ್ನಿಸುತ್ತದೆ. ಮುಚ್ಚಬೇಡಿ. ಗೊನ್ಸಾಲೊನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮೆಂ ಗಾರ್ಸಿಯನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು: ಮರಿಯ ಮೆಂಡೆಸ್, ಕೊನ್‌ಸ್ತಾನ್ಸ ಮೆಂಡೆಸ್. ಮರಿಯಳ ಮಗಳು ಇನೇಸ್ ಲೊರೆನ್ಸೊ ಮದುವೆಯಾದದ್ದು ಮಾರ್ತಿಂ ಅಫೊನ್ಸೊ ಶಿಶೊರ್ರೊನನ್ನು. ಕೊನ್‌ಸ್ತಾನ್ಸಳ ಮಗಳು ಮರಿಯ ಪಾಯ್ಸ್ ಮದುವೆಯಾದದ್ದು ಅಫೊನ್ಸೊ ದಿನೀಸ್‌ನನ್ನು. ಈ ಇಬ್ಬರೂ ಅಳಿಯಂದಿರು ರಾಜ ಮೂರನೆಯ ಅಫೊನ್ಸೊಗೆ ಮದುವೆಯ ಹೊರಗೆ ಹುಟ್ಟಿದ ಮಕ್ಕಳು.

ಯೋಚಿಸಿ ನೋಡಿ. ಅವರಲ್ಲಿ ರಾಜನ ರಕ್ತ ಇತ್ತು, ಹಳೆಯ ಮನೆತನದ ಆಸ್ತಿ ಇರಲಿಲ್ಲ. ಹೆಂಡತಿಯರ ಕಡೆ ಸೋಜ ಜಮೀನು ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸೋಜ ಅನ್ನುವ ಹೆಸರಿನ ತೂಕ ಇತ್ತು. ಇಬ್ಬರ ಸಂತತಿಯೂ ಹೆಣ್ಣಿನ ಕಡೆಯ ಹೆಸರನ್ನೇ ಉಳಿಸಿಕೊಂಡು ಸೋಜ ಆಯಿತು. ಮುಂದೆ ಪೋರ್ಚುಗಲ್‌ನಲ್ಲಿ ಮೆರೆದ ಸೋಜಗಳ ಎರಡು ದೊಡ್ಡ ಕವಲು ಹೊರಟದ್ದು ಇಲ್ಲಿಂದಲೇ. ಒಂದನ್ನು ಅರ್ರೊಂಶಿಸ್ ಕವಲು ಅಂತ, ಇನ್ನೊಂದನ್ನು ಶಿಶೊರ್ರೊ ಅಥವಾ ಪ್ರಾದೊ ಕವಲು ಅಂತ ಕರೆಯುತ್ತಾರೆ. ಗಂಡು ಗೆರೆ ಮಾತ್ರ ಹಿಡಿದು ಹೋದವನಿಗೆ ಇವರು ಬರೀ ರಾಜವಂಶದ ಕವಲಾಗಿ ಕಾಣುತ್ತಾರೆ. ಸೋಜ ಹೆಸರು ಯಾಕೆ ಉಳಿಯಿತು ಅಂತ ಅವನಿಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಪ್ರತಿ ತಲೆಮಾರಿನಲ್ಲೂ ಹೆಂಡತಿಯ ಹೆಸರು, ಅವಳ ತಾಯಿಯ ಹೆಸರು, ಅವಳು ತಂದ ಜಮೀನು, ಇವನ್ನು ತಪ್ಪದೆ ಬರೆಯಿರಿ. ಮಕ್ಕಳು ಅಪ್ಪನ ಹೆಸರನ್ನೇ ಹಿಡಿಯಬೇಕು ಅನ್ನುವ ಕಟ್ಟುಪಾಡು ಆಗ ಇರಲಿಲ್ಲ. ಅಜ್ಜಿಯ ಹೆಸರಿಗೆ ಬೆಲೆ ಇದ್ದರೆ ಅಜ್ಜಿಯ ಹೆಸರು.

ಗುರಾಣಿ ನೋಡಿ ತಾಳೆ ಹಾಕಿ

ಕವಲು ಸರಿಯಾಗಿ ಹಿಡಿದಿದ್ದೀರಾ ಅಂತ ಪರೀಕ್ಷಿಸಲು ಲಾಂಛನ ಒಳ್ಳೆಯ ಸಾಧನ. ಹಳೆಯ ಸೋಜಗಳದ್ದು ಕೆಂಪು ನೆಲದ ಮೇಲೆ ನಾಲ್ಕು ಬೆಳ್ಳಿಯ ಬಿದಿಗೆ ಚಂದ್ರ, ತುದಿಗೆ ತುದಿ ಸೇರಿಸಿದ ಹಾಗೆ. ಅರ್ರೊಂಶಿಸ್ ಕವಲಿನವರು ಗುರಾಣಿಯನ್ನು ನಾಲ್ಕು ಮನೆ ಮಾಡಿ, ಎರಡರಲ್ಲಿ ಪೋರ್ಚುಗಲ್ ರಾಜಲಾಂಛನ, ಎರಡರಲ್ಲಿ ಈ ಚಂದ್ರಗಳನ್ನು ಇಟ್ಟರು. ಶಿಶೊರ್ರೊ ಕವಲಿನವರು ಚಂದ್ರನ ಜಾಗದಲ್ಲಿ ಸಿಂಹ ಹಾಕಿಕೊಂಡರು. ಚಂದ್ರ ಕಂಡರೆ ಒಂದು ಕಡೆ, ಸಿಂಹ ಕಂಡರೆ ಇನ್ನೊಂದು ಕಡೆ.

ಸಿಂತ್ರಾ ಅರಮನೆಯಲ್ಲಿ ರಾಜ ಮಾನುಯೆಲ್ 16ನೆಯ ಶತಮಾನದ ಆರಂಭದಲ್ಲಿ ಮಾಡಿಸಿದ ಲಾಂಛನಗಳ ಕೋಣೆ ಇದೆ. ಮೇಲ್ಛಾವಣಿಯಲ್ಲಿ 72 ಮನೆತನಗಳ ಗುರಾಣಿಗಳನ್ನು ಜಿಂಕೆಗಳು ಹೊತ್ತು ನಿಂತಿವೆ. ಸೋಜವೂ ಅಲ್ಲಿದೆ. ಫೋಟೊ ಹುಡುಕಿ, ಹಿಗ್ಗಿಸಿ ನೋಡಿ.

ಅಂಗಡಿಯವರು "ನಿಮ್ಮ ಸರ್‌ನೇಮ್‌ನ ಲಾಂಛನ" ಅಂತ ಮಾರುವ ಫಲಕಗಳನ್ನು ಮಾತ್ರ ಪುರಾವೆ ಅಂತ ಎಣಿಸಬೇಡಿ. ಲಾಂಛನ ಒಂದು ಕವಲಿನದ್ದು. ಹೆಸರಿರುವ ಎಲ್ಲರದ್ದೂ ಅಲ್ಲ.

ಒಂದೇ ಹೆಸರಿನವರನ್ನು ಬೇರೆ ಮಾಡಿ

ಶಿಶೊರ್ರೊ ಮಾರ್ತಿಂ ಅಫೊನ್ಸೊನ ಮಗನ ಹೆಸರೂ ಮಾರ್ತಿಂ ಅಫೊನ್ಸೊ. ಆ ಕವಲಿನಲ್ಲಿ ಮುಂದೆಯೂ ಮಾರ್ತಿಂ ಅಫೊನ್ಸೊ ದೆ ಸೋಜ ಅನ್ನುವವರು ಮತ್ತೆ ಮತ್ತೆ ಬರುತ್ತಾರೆ. ಒಬ್ಬೊಬ್ಬರಿಗೂ ಹೆಂಡತಿಯ ಹೆಸರು, ಒಂದು ಊರು, ಒಂದು ದಿನಾಂಕ, ಈ ಮೂರನ್ನು ಸೇರಿಸಿ ಬೇರೆ ಚೀಟಿ ಮಾಡಿ. ಮೂರರಲ್ಲಿ ಎರಡು ಹೊಂದದಿದ್ದರೆ ಚೀಟಿಗಳನ್ನು ಕೂಡಿಸಬೇಡಿ.

ಅಕ್ಷರದ ವ್ಯತ್ಯಾಸಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. ಹಿಂದೆ "ಎಸ್" ಹಾಕಿಯೂ ಬರೆಯುತ್ತಿದ್ದರು, "ಝೆಡ್" ಹಾಕಿಯೂ ಬರೆಯುತ್ತಿದ್ದರು. ಈಗ ಪೋರ್ಚುಗಲ್‌ನಲ್ಲಿ "ಎಸ್", ಬ್ರೆಜಿಲ್‌ನಲ್ಲಿ "ಝೆಡ್" ಹೆಚ್ಚು. ನಮ್ಮ ಕಡೆ "ದೆ" ಹೋಗಿ "ಡಿ" ಆಗಿ ಹೆಸರಿಗೇ ಅಂಟಿಕೊಂಡಿತು.

ಹೆಸರು ಸಮುದ್ರ ದಾಟಿದ ಮೇಲೆ

ಇನ್ನು ಬಲಗಡೆ ಪುಟ. ಶಿಶೊರ್ರೊ ಕವಲಿನ ಒಬ್ಬ ಮಾರ್ತಿಂ ಅಫೊನ್ಸೊ ದೆ ಸೋಜ 1532ರಲ್ಲಿ ಬ್ರೆಜಿಲ್‌ನಲ್ಲಿ ಸಾವ್ ವಿಸೆಂಟ್ ಪಟ್ಟಣ ಕಟ್ಟಿದ. 1542ರಲ್ಲಿ ಗವರ್ನರ್ ಆಗಿ ಗೋವಾಕ್ಕೆ ಬಂದ. ಅದೇ ಪ್ರಯಾಣದಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಕೂಡ ಬಂದರು. ಅದೇ ವರ್ಷ ಇವನು ನಮ್ಮ ಭಟ್ಕಳದ ಮೇಲೆ ದಾಳಿ ಮಾಡಿದ. ಕಪ್ಪದ ವಿಚಾರದಲ್ಲಿ ಅಲ್ಲಿನ ರಾಣಿಯ ಜೊತೆ ಜಗಳ ಎದ್ದಿತ್ತು. ಕರಾವಳಿ ಕರ್ನಾಟಕದ ಚರಿತ್ರೆಯಲ್ಲಿ ಸೋಜ ಮನೆತನ ನೇರವಾಗಿ ಕಾಲಿಟ್ಟದ್ದು ಹೀಗೆ, ಕತ್ತಿ ಹಿಡಿದು.

ಆದರೆ ಮಂಗಳೂರಿನ ಡಿಸೋಜಗಳಿಗೆ ಹೆಸರು ಬಂದ ದಾರಿ ಬೇರೆ. ಗೋವಾದಲ್ಲಿ ದೀಕ್ಷಾಸ್ನಾನ ಕೊಡುವಾಗ ಪಾದ್ರಿಯ ಅಥವಾ ಗಾಡ್‌ಫಾದರ್ ಆಗಿ ನಿಂತ ಪೋರ್ಚುಗೀಸನ ಹೆಸರನ್ನು ಹೊಸ ಕ್ರೈಸ್ತರಿಗೆ ಇಡುತ್ತಿದ್ದರು. ಒಂದೇ ಊರಿನ, ಒಂದಕ್ಕೊಂದು ಸಂಬಂಧವಿಲ್ಲದ ಮನೆಗಳಿಗೂ ಹೀಗೆ ಒಂದೇ ಹೆಸರು ಬಂದಿರಬಹುದು. ಬ್ರೆಜಿಲ್‌ನಲ್ಲಿ ಗುಲಾಮರಾಗಿದ್ದ ಆಫ್ರಿಕದ ಜನರಿಗೂ ಒಡೆಯರ ಹೆಸರು ಅಂಟಿತು. ಹೆಸರು ಒಂದೇ ಅಂತ ಪೊಂಬೈರೊದವರೆಗೆ ಗೆರೆ ಎಳೆಯಲು ಹೋಗಬೇಡಿ.

ನಿಮ್ಮದೇ ಮನೆಯ ಚರಿತ್ರೆ ಬೇಕಿದ್ದರೆ ಇವತ್ತಿನಿಂದ ಹಿಂದಕ್ಕೆ ಹೋಗಬೇಕು. ನಿಮ್ಮ ಅಪ್ಪ ಅಮ್ಮನ ಮದುವೆಯ ದಾಖಲೆ, ಅಜ್ಜ ಅಜ್ಜಿಯ ದೀಕ್ಷಾಸ್ನಾನದ ದಾಖಲೆ, ಹೀಗೆ ಚರ್ಚ್ ಪುಸ್ತಕಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿಯಿರಿ. ಇಂಥ ಪುಸ್ತಕ ಇಡಬೇಕು ಅಂತ ಕ್ಯಾಥೊಲಿಕ್ ಚರ್ಚ್ ಎಲ್ಲ ಕಡೆಗೂ ವಿಧಿಸಿದ್ದು 1563ರಲ್ಲಿ, ಟ್ರೆಂಟ್ ಸಭೆಯಲ್ಲಿ. ದಕ್ಷಿಣ ಕನ್ನಡದಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ ಕ್ರೈಸ್ತರನ್ನು ಸೆರೆ ಹಿಡಿದದ್ದಕ್ಕಿಂತ ಹಿಂದಿನ ಪುಸ್ತಕ ಸಿಗುವುದು ಬಹಳ ಕಷ್ಟ. ಅದಕ್ಕೂ ಹಿಂದೆ ಹೋಗಬೇಕಾದರೆ ಹಿರಿಯರು ಗೋವಾದ ಯಾವ ಊರಿನಿಂದ ಬಂದರು ಅಂತ ಗೊತ್ತಿರಬೇಕು. ಆಗ ಪಣಜಿಯ ದಾಖಲೆ ಭಂಡಾರ ಇದೆ. 1595ರಲ್ಲಿ ಶುರುವಾದದ್ದು ಅದು. ಅಲ್ಲಿ ಊರಿನ ಗಾಂವ್ಕರಿಕೆಯ (ಊರಿನ ಜಮೀನನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದ ಊರಿನವರ ಸಂಘ) ಹಳೆಯ ಲೆಕ್ಕಪತ್ರ ಕೇಳಿ.

ಅದಕ್ಕಿಂತ ಮೊದಲು ಮನೆಯ ಅತಿ ಹಿರಿಯರ ಹತ್ತಿರ ಒಂದು ಮಧ್ಯಾಹ್ನ ಕೂತುಕೊಳ್ಳಿ. ಎಷ್ಟೋ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಡಿಸೋಜ ಹಿಂದಿನ ಹೆಸರು ಇನ್ನೂ ನೆನಪಿನಲ್ಲಿದೆ: ಪ್ರಭು, ಕಾಮತ್, ನಾಯಕ್, ಪೈ, ಶೇಟ್. ಅಜ್ಜಿ ಹೇಳಿದ ಆ ಹೆಸರನ್ನು ಬಲಗಡೆ ಪುಟದ ಮೊದಲ ಸಾಲಿನಲ್ಲಿ ಬರೆಯಿರಿ. ಯಾರು ಹೇಳಿದರು, ಯಾವ ದಿನ ಹೇಳಿದರು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.